ಅಕ್ಬರಿ ಬೇಗಂ ಗುರುತು ಹಿಡಿದ ಎರಡು ಸೀಟಿನ ವಿಮಾನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶ್ರೀರಂಗಪಟ್ಟಣದ ಹೊರಗೆ, ಗಂಜಾಂ ಕಡೆ ಇಳಿಯುವ ದಾರಿಯ ಗುಜರಿ ಅಂಗಡಿಯಲ್ಲಿ ಅಕ್ಬರಿ ಬೇಗಂ ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತಿದ್ದಾರೆ. ಎದುರಿಗೆ ಹಿಂದಿನ ದಿನ ಬಂದ ಅಲ್ಯೂಮಿನಿಯಂ ರಾಶಿ: ತಳ ಸುಟ್ಟ ಕುಕ್ಕರು, ಫ್ಯಾನಿನ ರೆಕ್ಕೆ, ಕಿಟಕಿಯ ಚೌಕಟ್ಟು, ಯಾವುದೋ ಬೈಕಿನ ಎಂಜಿನ್ ತಲೆ. ಒಂದೊಂದನ್ನೇ ಎತ್ತಿ ಸಣ್ಣ ಸುತ್ತಿಗೆಯಿಂದ ಟಣ್ ಎನಿಸುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಎಡಕ್ಕೋ ಬಲಕ್ಕೋ ಎಸೆಯುತ್ತಾರೆ. ಕರಿಘಟ್ಟದ ಹಿಂದೆ ಕೆಂಪು ಮೂಡುವ ಹೊತ್ತಿಗೆ ಅರ್ಧ ರಾಶಿ ಕರಗಿರುತ್ತದೆ.

"ಇದು ಎರಕ, ಇದು ತಗಡು, ಇದು ಮೋಸ" ಎಂದು, ಅವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನಗೆ ತೋರಿಸುತ್ತಾರೆ. ಮೋಸ ಎಂದರೆ ಒಳಗೆ ಕಬ್ಬಿಣ ಸೇರಿಸಿ ತೂಕಕ್ಕೆ ಹಾಕಿದ್ದು. ಎಡಗೈಯ ತೋರುಬೆರಳ ತುದಿ ಅವರಿಗೆ ಇಲ್ಲ. ಹಾಗಾಗಿ ನಡುಬೆರಳಿನಿಂದಲೇ ಎಲ್ಲವನ್ನೂ ಸವರಿ ನೋಡುವುದು ರೂಢಿ. ಬಂದ ಗಿರಾಕಿಗಳಿಗೆ ಅವರು ಗುಜರಿ ಬೂವಮ್ಮ. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ತುರ್ತು ಈ ಊರಿನಲ್ಲಿ ಯಾರಿಗೂ ಬಿದ್ದಿಲ್ಲ.

ಅಷ್ಟರಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಫೋನು ಸದ್ದು ಮಾಡುತ್ತದೆ. ಒಂದು ಕಪ್ಪು ಬಿಳುಪು ಚಿತ್ರ ಬಂದಿದೆ. ಯಾವುದೋ ಊರಿನ ಶಾಲೆಯ ಅಂಗಳದಲ್ಲಿ ಮುರಿದು ಬಿದ್ದಿರುವ ವಿಮಾನದ ಮುಂಭಾಗ. ರೆಕ್ಕೆ ಇಲ್ಲ, ಬಾಲ ಇಲ್ಲ, ಮೇಲಿನ ಗಾಜೂ ಇಲ್ಲ. ಹೆಸರು ನಂಬರು ಬರೆದ ಜಾಗದಲ್ಲಿ ಸುಣ್ಣ ಬಳಿದಿದ್ದಾರೆ. ಅಕ್ಬರಿ ಬೇಗಂ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರವನ್ನು ಹಿಗ್ಗಿಸಿ, ಅದರ ಹೊಟ್ಟೆಯ ಭಾಗವನ್ನು ಬಹಳ ಹೊತ್ತು ನೋಡುತ್ತಾರೆ.

"ರಿವೆಟ್ಟೇ ಇಲ್ವಲ್ಲ ಇದ್ರಲ್ಲಿ. ಇದು ತಗಡಲ್ಲ ಸಾಬ್, ಮರ. ಮರದ ಮ್ಯಾಲೆ ಬಣ್ಣ ಒಡ್ದವ್ರೆ. ಎರಡು ಬಾಲದ್ದು ಬತ್ತಿತ್ತಲ್ಲ, ಅದ್ರ ಮೂತಿ ಇದು. ವ್ಯಾಂಪೈರು. ಇದ್ನ ಗ್ಯಾಸಲ್ಲಿ ಕುಯ್ಯಂಗಿಲ್ಲ, ಗರಗಸ್ದಲ್ಲೇ ಕುಯ್ಯಬೇಕು."

ಅದನ್ನೇ ಫೋನಿಗೆ ಬಾಯಿಟ್ಟು ಇನ್ನೊಮ್ಮೆ ಹೇಳಿ ಕಳಿಸುತ್ತಾರೆ. ಮತ್ತೆ ಸುತ್ತಿಗೆ ಹಿಡಿಯುತ್ತಾರೆ.

ಚಿತ್ರ ಕಳಿಸಿದವರು ಪಾಂಡವಪುರದ ತಿಮ್ಮರಾಜು. ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಪಂಪ್‌ಸೆಟ್ ಮೋಟರು ಕಟ್ಟುವ ಸಣ್ಣ ಅಂಗಡಿ ಇಟ್ಟಿದ್ದಾರೆ. ಹಳೆಯ ಯುದ್ಧವಿಮಾನಗಳ ಚಿತ್ರ ಕೂಡಿಡುವ ಹವ್ಯಾಸಿಗಳ ದೊಡ್ಡದೊಂದು ಬಳಗ ಅವರಿಗಿದೆ. ಇಡೀ ವಿಮಾನ ಕಂಡರೆ ಅದರ ಹೆಸರು ಹೇಳಲು ಆ ಬಳಗದಲ್ಲಿ ನೂರು ಜನ ಇದ್ದಾರೆ. ಆದರೆ ತುಂಡಾದದ್ದು, ಸುಟ್ಟದ್ದು, ಅರ್ಧ ಮಣ್ಣಲ್ಲಿ ಹೂತದ್ದು ಬಂದಾಗ ತಿಮ್ಮರಾಜು ಅದನ್ನು ಅಕ್ಬರಿ ಬೇಗಂಗೆ ಕಳಿಸುತ್ತಾರೆ. "ನಾವು ವಿಮಾನ ಜೋಡಿಸಿ ಕಲಿತೋರು, ಅಕ್ಕ ಬಿಚ್ಚಿ ಕಲಿತೋರು. ಎರಡೂ ಬೇಕಾಯ್ತದೆ" ಎನ್ನುವುದು ಅವರ ಲೆಕ್ಕಾಚಾರ.

ಬಿಚ್ಚಿ ಕಲಿತದ್ದು ಎಂಬುದು ಸುಮ್ಮನೆ ಹೇಳಿದ ಮಾತಲ್ಲ. ಮೂವತ್ತು ವರ್ಷಕ್ಕೂ ಹಿಂದೆ ಇದೇ ಊರಿನ ಅಂಚಿನಲ್ಲಿ, ಕಬ್ಬಿನ ಗದ್ದೆಗಳ ನಡುವೆ ಒಂದು ದೊಡ್ಡ ಗುಜರಿ ಶೆಡ್ಡಿತ್ತು. ಕಾಲ ಮುಗಿದ ವಿಮಾನಗಳು ಹರಾಜಾಗಿ, ನಾಲ್ಕಾರು ಕೈ ದಾಟಿ, ಲಾರಿಗಳಲ್ಲಿ ತುಂಡು ತುಂಡಾಗಿ ಅಲ್ಲಿಗೆ ಬರುತ್ತಿದ್ದವು. ಅಕ್ಬರಿಯ ಗಂಡ ಸೈಫುಲ್ಲಾ ಅಲ್ಲಿ ಗ್ಯಾಸ್ ಕಟ್ಟರ್ ಹಿಡಿಯುತ್ತಿದ್ದ ಮೇಸ್ತ್ರಿ. ಗಂಡಸರು ಕೊಯ್ದು ಹಾಕಿದ್ದರಿಂದ, ತಗಡಿಗೆ ತಗಡು ಬಿಗಿಯುವ ರಿವೆಟ್ಟಿನ ಮೊಳೆ ಕಿತ್ತು, ಉಕ್ಕನ್ನು ಅಲ್ಯೂಮಿನಿಯಂನಿಂದ ಬೇರೆ ಮಾಡುವುದು ಹೆಂಗಸರ ಕೆಲಸ. ಒಳಗಿನ ಕಂಚಿನ ಬುಷ್ಷುಗಳನ್ನು ನಾಗಮಂಗಲದ ಎರಕದವರು ಬಂದು ಒಯ್ಯುತ್ತಿದ್ದರು. ಅಕ್ಬರಿಯ ಬೆರಳ ತುದಿಯನ್ನು ಅಲ್ಲಿನ ಡ್ರಿಲ್ಲು ನುಂಗಿತು.

"ನಮ್ಗೆ ಎಸ್ರು ಎಲ್ಲಿ ಗೊತ್ತಿತ್ತು? ಡಕೋಟಕ್ಕೆ ಬಸ್ಸು ಅಂತಿದ್ವು. ನ್ಯಾಟು ಅಂತ ಒಂದು, ಅದ್ಕೆ ಗುಬ್ಬಿ ಅಂತಿದ್ವು. ತೂಫಾನಿ ಬಾಯಿ ಕಳ್ಕೊಂಡಿರದು. ಆಮ್ಯಾಕೆ ತಿಮ್ಮರಾಜಣ್ಣ ನಿಜವಾದ ಎಸ್ರು ಯೋಳ್ಕೊಟ್ರು. ಎಸ್ರು ಗೊತ್ತಿಲ್ದಿದ್ರೂ ರಿವೆಟ್ಟು ಗೊತ್ತಿತ್ತು. ಒಂದೊಂದು ವಿಮಾನದ್ದು ಒಂದೊಂದು ಥರ ಹೊಲಿಗೆ. ನಾನು ಬಿಚ್ಚಿದ್ ಹೊಲಿಗೆ ನಂಗೆ ಮರೆಯಕಿಲ್ಲ."

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ವಿಮಾನ ಬಂದರೆ ಕೊಯ್ಯುವ ಹಿಂದಿನ ದಿನ ಅದರ ಮೂತಿಗೆ ಚೆಂಡುಹೂವಿನ ಹಾರ ಹಾಕಿ, ಕರ್ಪೂರ ಹಚ್ಚಿ, ನಿಂಬೆಹಣ್ಣು ಕುಯ್ಯುತ್ತಿದ್ದರು. ಸೈಫುಲ್ಲಾ ಪಕ್ಕದಲ್ಲಿ ನಿಂತು ಫಾತಿಹಾ ಓದುತ್ತಿದ್ದ. ಆಕಾಶದಲ್ಲಿ ಓಡಾಡಿದ ವಾಹನಕ್ಕೆ ನೆಲದ ಮೇಲೆ ಕತ್ತಿ ಹಾಕುವುದಕ್ಕೆ ಎರಡೂ ಕಡೆಯ ಅಪ್ಪಣೆ ಇರಲಿ ಎಂಬ ಮುಂಜಾಗ್ರತೆ. ಆಮೇಲೆ ಕೆಲಸದವರೆಲ್ಲ ವಿಮಾನದ ಮುಂದೆ, ಮೇಲೆ, ಎಲ್ಲೆಂದರಲ್ಲಿ ಕೂತು ಒಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇದಕ್ಕೆ 'ಕಡೇ ಫೋಟೊ' ಎಂದು ಹೆಸರು. ಕಡೆಯದು ವಿಮಾನಕ್ಕೆ ಎಂಬುದು ಅವರ ಭಾವನೆ.

ಜೆಟ್ ವಿಮಾನಗಳಲ್ಲಿ ಒಂದು ಅಪಾಯ ಇರುವುದೂ ಅವರಿಗೆ ಗೊತ್ತಿತ್ತು. ಪೈಲಟ್ ಕೂರುವ ಕುರ್ಚಿಯ ಅಡಿಯಲ್ಲಿ ಮದ್ದಿನ ಕೊಳವೆ ಇರುತ್ತದೆ. ಆಪತ್ತು ಬಂದಾಗ ಅದು ಸಿಡಿದು ಕುರ್ಚಿಯ ಸಮೇತ ಪೈಲಟ್‌ನನ್ನು ಹೊರಗೆ ಎಸೆಯುತ್ತದೆ. ಅಂಥ ವಿಮಾನದ ಪಕ್ಕಕ್ಕೆ ತಲೆಕೆಳಗಾದ ಕೆಂಪು ತ್ರಿಕೋನ ಬರೆದಿರುತ್ತಾರೆ. ಆಸ್ಪತ್ರೆ ಗೋಡೆಯ ಮೇಲೆ ಕುಟುಂಬ ಯೋಜನೆಯ ಗುರುತಾಗಿ ಅದೇ ತ್ರಿಕೋನ ನೋಡಿ ಬೆಳೆದಿದ್ದ ಕೆಲಸದವರು "ಇದಕ್ಕೂ ಆಪರೇಷನ್ ಆಗೈತೆ" ಎಂದು ನಗುತ್ತಿದ್ದರು. ನಕ್ಕರೂ, ತ್ರಿಕೋನ ಕಂಡರೆ ಕುರ್ಚಿ ತೆಗೆದಿದ್ದಾರೋ ಇಲ್ಲವೋ ಎಂದು ಬಗ್ಗಿ ನೋಡದೆ ಬೆಂಕಿ ಹಚ್ಚುತ್ತಿರಲಿಲ್ಲ. ಕುರ್ಚಿ ಕೂರಿಸುವ ಗುಂಡಿ ಖಾಲಿ ಇದ್ದರೆ ಕೆಲಸ ಶುರು.

ಅಕ್ಬರಿ ಎರಡನೆಯ ಬಾಣಂತನಕ್ಕೆ ಪಾಂಡವಪುರದ ತವರಿಗೆ ಹೋಗಿದ್ದಾಗ ಶೆಡ್ಡಿಗೆ ಒಂದು ಜೆಟ್ಟಿನ ಮುಂಭಾಗ ಬಂತು. ಪಕ್ಕದಲ್ಲಿ ತ್ರಿಕೋನ ಇತ್ತು. ಕುರ್ಚಿಯ ಗುಂಡಿ ಖಾಲಿ ಇತ್ತು. ಹಾರ ಹಾಕಿದರು, ಫೋಟೊ ತೆಗೆಸಿದರು. ಮಾರನೆಯ ಬೆಳಿಗ್ಗೆ ಸೈಫುಲ್ಲಾ ಕಟ್ಟರ್ ಹಿಡಿದ. ಹೊಣಕೆರೆ ಕಡೆಯ ಚಿಕ್ಕಸ್ವಾಮಿ ಎಂಬ ಜೊತೆಗಾರ ಮೇಲೆ ಹತ್ತಿ ಒಳಗಿನ ಕೇಬಲ್ಲು ಎಳೆಯುತ್ತಿದ್ದ. ಆಗ ವಿಮಾನ ಸಿಡಿಯಿತು. ಚಿಕ್ಕಸ್ವಾಮಿ ಸ್ಥಳದಲ್ಲೇ ಸತ್ತ. ಸೈಫುಲ್ಲಾನನ್ನು ಮೈಸೂರಿಗೆ ಒಯ್ದರು. ಮೂರು ದಿನ ಬದುಕಿದ್ದ, ಮುಖ ಬೆಂದಿದ್ದರಿಂದ ಒಂದು ಮಾತೂ ಆಡಲಿಲ್ಲ.

ಮಾತಾಡಲಾರದವನ ಮೇಲೆ ಹೊರೆ ಹೊರಿಸುವುದು ಬಹಳ ಸುಲಭ. ಕುರ್ಚಿಯ ಗುಂಡಿ ಖಾಲಿ ಇದ್ದದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಹಾಗಾದರೆ ಸಿಡಿದದ್ದೇನು? ಟ್ಯಾಂಕಿನಲ್ಲಿ ಉಳಿದಿದ್ದ ಎಣ್ಣೆ, ಎಂದ ಶೆಡ್ಡಿನ ಯಜಮಾನ. ಎಣ್ಣೆಗೆ ಕಿಡಿ ಎಲ್ಲಿಂದ ಬಂತು? ಸೈಫುಲ್ಲಾನ ಜೇಬಿನಲ್ಲಿ ಬೀಡಿಕಟ್ಟು ಇತ್ತಲ್ಲ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಪೊಲೀಸರೂ ಕಟ್ಟಿದರು, ಊರೂ ಕಟ್ಟಿತು. ಕೈಯಲ್ಲೇ ಗ್ಯಾಸಿನ ಜ್ವಾಲೆ ಹಿಡಿದವನಿಗೆ ಬೀಡಿಯ ಕಿಡಿ ಯಾಕೆ ಬೇಕಿತ್ತು ಎಂದು ಒಬ್ಬರಾದರೂ ಕೇಳಬಹುದಿತ್ತು. ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಯಜಮಾನ ಉಳಿದ ಲೋಹವನ್ನು ವಾರದೊಳಗೆ ಮಾರಿ ಶೆಡ್ಡು ಮುಚ್ಚಿದ. ಅವನೂ ಸತ್ತು ಬಹಳ ಕಾಲವಾಯಿತು. ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಹೇಳಲು ಈಗ ಯಾರೂ ಇಲ್ಲ.

ಸೈಫುಲ್ಲಾನನ್ನು ಮಣ್ಣು ಮಾಡಿದ ದಿನ ಚಿಕ್ಕಸ್ವಾಮಿಯ ಹೆಂಡತಿ ಮಂಗಳಮ್ಮ ಗಂಜಾಮಿನ ಬೀದಿಯಲ್ಲಿ ನಿಂತು ಬೂದಿ ತೂರಿ ಶಾಪ ಹಾಕಿದರು. "ನಿನ್ ಗಂಡನ ಬೀಡಿ ನನ್ ತಾಳಿ ಸುಡ್ತು" ಎಂದ ಆ ಮಾತು ಇಡೀ ಬೀದಿಗೆ ಕೇಳಿಸಿತು. ಅಲ್ಲಿಂದ ಮುಂದೆ ಅಕ್ಬರಿ ಬೀಡಿ ಸೈಫುಲ್ಲಾನ ಹೆಂಡತಿ. ಮಗ ಯಾಸಿನ್ ಶಾಲೆಯಲ್ಲಿ ಬೀಡಿ. ಬಾಣಂತನದ ಕೂಸು ತಸ್ಲೀಮಳಿಗೆ ಗಂಡು ನೋಡಲು ಬಂದವರೂ ಮೊದಲು ಕೇಳಿದ್ದು ಅದೇ ಕಥೆ.

"ನಾನೂ ನಂಬಿದ್ದೆ ಸಾಬ್" ಎನ್ನುತ್ತಾರೆ ಅಕ್ಬರಿ ಬೇಗಂ, ರಾಶಿಯಿಂದ ಕಣ್ಣೆತ್ತದೆ. "ಬೀಡಿ ಸೇದ್ತಿದ್ದದ್ದು ನಿಜ ತಾನೆ. ದುವಾ ಮಾಡೋವಾಗ್ಲೂ ಬಯ್ತಿದ್ದೆ. ಒಂದು ಬೀಡಿ ತಡ್ಕೊಳ್ಳಕೆ ಆಗ್ನಿಲ್ವಾ ನಿಮ್ಗೆ, ಇನ್ನೊಬ್ರ ಮನೇನೂ ಕೆಡಿಸ್ಬುಟ್ರಲ್ಲಾ ಅಂತ."

ತಿಮ್ಮರಾಜು ಈ ಗುಜರಿ ಅಂಗಡಿಗೆ ಬೇರಿಂಗ್ ಹುಡುಕಿಕೊಂಡು ಬಂದದ್ದು ಹತ್ತು ವರ್ಷದ ಈಚೆ. ಒಂದು ತಗಡಿನ ತುಂಡನ್ನು ಬಾಗಿಲಿಗೆ ಅಡ್ಡ ಇಟ್ಟಿದ್ದ ಬೂವಮ್ಮ ಅದು ಯಾವ ವಿಮಾನದ ಯಾವ ಭಾಗ ಎಂದು ಶೆಡ್ಡಿನ ಅಡ್ಡಹೆಸರಿನಲ್ಲೇ ಹೇಳಿದ್ದನ್ನು ಕೇಳಿ ಅವರು ಅಲ್ಲೇ ಕೂತರಂತೆ. ಅಂದಿನಿಂದ ಚಿತ್ರಗಳು ಬರುತ್ತಲೇ ಇವೆ. ಹೆಚ್ಚಿನವು ಹವ್ಯಾಸಿಗಳ ಕುತೂಹಲಕ್ಕೆ. ಆದರೆ ಕೆಲವು ಹಾಗಲ್ಲ. ಬೆಟ್ಟದಲ್ಲಿ, ಕಾಡಿನಲ್ಲಿ ಸಿಕ್ಕ ತುಂಡಿನ ಚಿತ್ರ ಹಿಡಿದುಕೊಂಡು, ಮರಳಿ ಬಾರದ ಅಣ್ಣನ, ಅಪ್ಪನ ವಿಮಾನ ಇದೇನಾ ಎಂದು ಕೇಳುವವರೂ ಇದ್ದಾರೆ. ಒಮ್ಮೆ ಅಂಥದ್ದೊಂದಕ್ಕೆ ಅಕ್ಬರಿ ಅವಸರದಲ್ಲಿ ಕ್ಯಾನ್‌ಬೆರಾ ಎಂದುಬಿಟ್ಟರು. ಅದು ಕ್ಯಾನ್‌ಬೆರಾ ಆಗಿರಲಿಲ್ಲ. ಅಷ್ಟರಲ್ಲಿ ಎಲ್ಲೋ ಒಬ್ಬ ಮುದುಕಿ ತಂಗಿ ಅಣ್ಣನಿಗೆ ಎಡೆ ಇಟ್ಟಾಗಿತ್ತು.

"ಅವತ್ತಿಂದ ಬಾಯಿಗೆ ಬೀಗ. ಗೊತ್ತಿದ್ರೆ ಮಾತ್ರ ಯೋಳೋದು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನೋದು. ಸತ್ತೋರ್ ಇಸ್ಯ ಇದು, ಸಂತೆ ಯಾಪಾರ ಅಲ್ಲ."

ಆಮೇಲೆ ಅವರೇ ಒಂದು ಕಟ್ಟಳೆ ಮಾಡಿದರು. ಅನುಮಾನದ ಚಿತ್ರ ಬಂದರೆ ತಾವು ಹೇಳಿದ್ದನ್ನು ಬಚ್ಚಿಟ್ಟು, ಚಿತ್ರ ಎಲ್ಲಿಯದು ಎನ್ನುವುದನ್ನೂ ಹೇಳದೆ, ತಿಮ್ಮರಾಜು ಅದನ್ನು ಮತ್ತಿಬ್ಬರಿಗೆ ಕಳಿಸಬೇಕು. ಮೂವರೂ ಒಂದೇ ಹೇಳಿದರೆ ಮಾತ್ರ ಕೇಳಿದವರಿಗೆ ಉತ್ತರ ಹೋಗುತ್ತದೆ.

ಈ ಸಲದ ಆಷಾಢದಲ್ಲಿ ತಿಮ್ಮರಾಜು ಒಂದು ಚಿತ್ರ ಕಳಿಸಿದರು. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಮಾರುತ್ ಎಂಬ ಜೆಟ್ಟಿನದು. ಮಾರುತ್ ಅಕ್ಬರಿಗೆ ಚೆನ್ನಾಗಿ ಗೊತ್ತು. ಅದರ ಮೈಯ ರಿವೆಟ್ಟು ಕಿತ್ತವರು ಅವರು. ಆದರೆ ಈ ಚಿತ್ರದಲ್ಲಿ ಗಾಜು ಉದ್ದವಾಗಿತ್ತು. ಗಾಜು ಜಾರುವ ಹಳಿಯ ಪಕ್ಕದ ರಿವೆಟ್ಟಿನ ಸಾಲು ಹಿಂದಕ್ಕೆ ಹೋಗಿಯೇ ಹೋಗಿತ್ತು. ಇದೇನು ಹೀಗೆ ಎಂದು ಕೇಳಿದ್ದಕ್ಕೆ ತಿಮ್ಮರಾಜು, ಮಾರುತ್‌ನಲ್ಲಿ ಕಲಿಯುವವರಿಗೆಂದು ಎರಡು ಸೀಟಿನವನ್ನೂ ಮಾಡಿದ್ದರು, ಬಹಳ ಕಮ್ಮಿ, ಒಂದರ ಹಿಂದೆ ಒಂದು ಕುರ್ಚಿ, ಎರಡರ ಅಡಿಯಲ್ಲೂ ಮದ್ದು, ಎಂದರು.

ಆ ಮಾತು ಕೇಳಿದ ಮೇಲೆ ಅಕ್ಬರಿ ಬೇಗಂ ಆ ದಿನದ ರಾಶಿ ಮುಟ್ಟಲಿಲ್ಲ. ಮನೆಗೆ ಹೋಗಿ, ಟ್ರಂಕಿನ ತಳದಲ್ಲಿ ಗಂಡನ ಲುಂಗಿಯಲ್ಲಿ ಸುತ್ತಿಟ್ಟಿದ್ದ ಕಡೇ ಫೋಟೊ ತೆಗೆದರು. ಅದನ್ನು ನನಗೂ ತೋರಿಸಿದರು. ಹಾರ ಹಾಕಿದ ಮೂತಿಯ ಮೇಲೆ ಕೈಯಿಟ್ಟು ಸೈಫುಲ್ಲಾ ನಿಂತಿದ್ದಾನೆ, ತೆಳ್ಳಗೆ, ಅಂಗಿಯ ಮೇಲಿನ ಗುಂಡಿ ಹಾಕದೆ. ಸುತ್ತ ನಾಲ್ಕೈದು ಜನ. ಅವರ ತಲೆಗಳು ವಿಮಾನದ ಪಕ್ಕೆಯನ್ನು ಮುಚ್ಚಿವೆ. ಮೇಲೆ, ಖಾಲಿ ಗುಂಡಿಯ ಹಿಂದೆ ಚಿಕ್ಕಸ್ವಾಮಿ ನಗುತ್ತಿದ್ದಾನೆ.

"ಇಷ್ಟು ವರ್ಸ ನಾನು ಇದ್ರಲ್ಲಿ ನಮ್ಮೋರ ಮುಖ ಒಂದೇ ನೋಡಿದ್ದು. ಊರೋರ ಫೋಟೊಲೆಲ್ಲ ವಿಮಾನ ನೋಡ್ದೆ, ನನ್ ಫೋಟೊದಲ್ಲಿ ವಿಮಾನ ನೋಡ್ನೇ ಇಲ್ಲ. ಈಗ ಚಿಕ್ಕಸ್ವಾಮಣ್ಣನ್ನ ನೋಡಿ ಸಾಬ್."

ನೋಡಿದೆ. ವಿಮಾನದ ಬೆನ್ನ ಮೇಲೆ ಕೂತವನು ಎತ್ತರಕ್ಕೆ, ಕಾಲು ಇಳಿಬಿಟ್ಟು ಕೂತಿರಬೇಕು. ಚಿಕ್ಕಸ್ವಾಮಿ ಎದೆಯ ಮಟ್ಟಕ್ಕೆ ಒಳಗಿದ್ದಾನೆ. ಎರಡೂ ಮೊಣಕೈಗಳನ್ನು ಎರಡು ಕಡೆಯ ಅಂಚಿನ ಮೇಲೆ ಆರಾಮಾಗಿ ಊರಿದ್ದಾನೆ. ಅವನ ಎಡ ಮೊಣಕೈ ಕೆಳಗೆ, ತಲೆಗಳ ನಡುವಿನ ಒಂದೇ ಒಂದು ಸಂದಿಯಲ್ಲಿ, ಹಳಿಯ ಪಕ್ಕದ ರಿವೆಟ್ಟಿನ ಸಾಲು ಹಿಂದಕ್ಕೆ ಹೋಗುತ್ತಿರುವುದು ಕಾಣುತ್ತದೆ.

ಅಲ್ಲಿ ಎರಡನೆಯ ಗುಂಡಿಯಿತ್ತು. ಒಂದು ಸೀಟಿನ ವಿಮಾನಗಳಲ್ಲಿ ಪೈಲಟ್‌ನ ಹಿಂದೆ ಯಂತ್ರ, ಮದ್ದುಗುಂಡು ತುಂಬುವ ಜಾಗ ಇರುತ್ತದೆ. ಶೆಡ್ಡಿನವರು ಅದನ್ನು ಸಾಮಾನಿನ ಗುಂಡಿ ಎನ್ನುತ್ತಿದ್ದರು. ಎರಡು ಸೀಟಿನದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಹಿಂದಿನ ಗುಂಡಿಯಲ್ಲಿ ಹರಿದ ತಾಡಪಾಲು, ಕೇಬಲ್ಲಿನ ಸುರುಳಿ ತುರುಕಿದ್ದರೆ ಅದು ಅವರ ಕಣ್ಣಿಗೆ ಸಾಮಾನಿನ ಗುಂಡಿಯೇ. ಮುಂದಿನದನ್ನು ಬಗ್ಗಿ ನೋಡಿದರು, ಖಾಲಿ. ಕುರ್ಚಿ ತೆಗೆದಾಗಿದೆ ಎಂದುಕೊಂಡರು. ಹಿಂದಿನದರ ತಾಡಪಾಲಿನ ಮೇಲೆ ಚಿಕ್ಕಸ್ವಾಮಿ ಫೋಟೊಗೆ ಕೂತ.

ಅಕ್ಬರಿ ಕಟ್ಟಳೆ ಮೀರಲಿಲ್ಲ. ಫೋಟೊ ಯಾರದು ಎಂದು ಹೇಳದೆ ಇಬ್ಬರಿಗೆ ಕಳಿಸಿ ಎಂದರು. ಉತ್ತರ ಬರಲು ವಾರವಾಯಿತು. ಆ ವಾರವೆಲ್ಲ ಅವರಿಗೆ ಅನ್ನ ಇಳಿಯಲಿಲ್ಲ ಎಂದು ಮಗಳು ತಸ್ಲೀಮ್ ಹೇಳುತ್ತಾಳೆ. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಹೇಳಿದರು: ಎರಡು ಸೀಟಿನ ಮಾರುತ್, ಮೇಲಿರುವ ಮನುಷ್ಯ ಹಿಂದಿನ ಸೀಟಿನಲ್ಲಿ ಕೂತಿದ್ದಾನೆ. ಒಬ್ಬರು ಇಂಥ ಚಿತ್ರ ಸಿಕ್ಕುವುದು ಅಪರೂಪ, ಇದರ ಒಳ್ಳೆಯ ಪ್ರತಿ ಸಿಗಬಹುದೇ ಎಂದೂ ಕೇಳಿದ್ದರು.

"ಆವಾಗ ಶೆಡ್ಡಿನ ಸೂರು ನೆಪ್ಪಾಯ್ತು" ಎನ್ನುತ್ತಾರೆ ಅಕ್ಬರಿ. "ಎಳೇ ಕೂಸು ಎತ್ಕೊಂಡು ನೋಡಾಕೆ ಹೋಗಿದ್ದೆ. ಜಿಂಕ್ ಶೀಟು ಮ್ಯಾಲಕ್ಕೆ ಸೀಳ್ಕೊಂಡು ತೂತು ಬಿದ್ದಿತ್ತು, ನೆಟ್ಟಗೆ ಆಕಾಶ ಕಾಣಂಗೆ. ಎಣ್ಣೆ ಸಿಡುದ್ರೆ ಸುತ್ತ ಸುಡ್ತದೆ. ಇದು ಸುತ್ತ ಸುಡ್ನಿಲ್ಲ, ಮ್ಯಾಲಕ್ಕೆ ಹೋಗಿತ್ತು. ಯಾಕೆ ಅಂತ ಅವತ್ತು ನಾನೂ ಕೇಳ್ನಿಲ್ಲ, ಯಾರೂ ಕೇಳ್ನಿಲ್ಲ."

ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯೇ? ತಿಮ್ಮರಾಜು ಇಲ್ಲವೆಂದು ತಲೆಯಾಡಿಸುತ್ತಾರೆ. ಲೋಹ ಕರಗಿ ಯಾರ ಮನೆಯ ಪಾತ್ರೆಯಾಯಿತೋ, ಯಜಮಾನನಿಲ್ಲ, ಶೆಡ್ಡಿದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ. ಅಕ್ಬರಿಗೆ ಕೋರ್ಟು ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಒಬ್ಬರೇ ಒಬ್ಬರು ಈ ಫೋಟೊ ನೋಡುವುದು. ಗಂಡ ಸತ್ತ ಮೇಲೆ ಮಂಗಳಮ್ಮ ಶೀಳನೆರೆಯ ತವರಿಗೆ ಹೋಗಿ ಅಲ್ಲೇ ಹಸು ಕಟ್ಟಿ ನೆಲೆ ನಿಂತಿದ್ದಾರೆಂದು ಗೊತ್ತಿತ್ತು. ಒಬ್ಬರೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬನ್ನಿ ಎಂದರು. ಹೋದೆವು.

ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಕೆ.ಆರ್. ಪೇಟೆಯಲ್ಲಿ ಇನ್ನೊಮ್ಮೆ ಬದಲಿಸಿ, ಶೀಳನೆರೆ ತಲುಪಿದೆವು. ದಾರಿಯುದ್ದಕ್ಕೂ ಫೋಟೊ ಸುತ್ತಿದ ಲುಂಗಿ ಅಕ್ಬರಿಯ ಮಡಿಲಲ್ಲಿತ್ತು. ಮುಂದೆ ಕಬ್ಬಿನ ಟ್ರಾಕ್ಟರು ಅಡ್ಡ ಬಂದು ಬಸ್ಸು ನಿಂತಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದರು.

ಮಂಗಳಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದರು. ಗುರುತು ಸಿಗಲಿಲ್ಲ. "ನಾನು ಕಣವ್ವ, ಅಕ್ಬರಿ" ಎಂದಾಗ ಅವರ ಮುಖ ಗಟ್ಟಿಯಾದದ್ದನ್ನು ನಾನು ನೋಡಿದೆ.

"ಇನ್ನೇನು ಉಳ್ದೈತೆ ಅಂತ ಬಂದೆ?"

"ಒಂದು ಫೋಟೊ ತೋರ್ಸ್‌ಬುಟ್ಟು ಓಗ್ತೀನಿ. ನೋಡಿದ್ ಮ್ಯಾಕೆ ಉಗುದ್ರೂ ಸರಿ."

ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೈ ತೊಳೆಯಲು ಹೋದರು. ನಾವು ನಡುಮನೆಯ ಹೊಸ್ತಿಲಲ್ಲಿ ನಿಂತೆವು. ಗೋಡೆಯ ಮೇಲೆ ಚಿಕ್ಕಸ್ವಾಮಿಯ ದೊಡ್ಡ ಚಿತ್ರವಿತ್ತು, ಒಣಗಿದ ಹಾರ, ಕುಂಕುಮ. ನಗು ಅದೇ. ಕಡೇ ಫೋಟೊದಿಂದಲೇ ಅವನನ್ನು ಕತ್ತರಿಸಿ ಕೆ.ಆರ್. ಪೇಟೆಯ ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿದ್ದರು. ಸತ್ತವರ ಚಿತ್ರ ದೊಡ್ಡದು ಮಾಡುವಾಗ ಸ್ಟುಡಿಯೊದವರು ಇಲ್ಲದ್ದನ್ನೂ ಕೈಯಾರೆ ಬರೆದು ಸೇರಿಸುವುದು ಆಗಿನ ರೂಢಿ. ಹಿಂದೆ ನೀಲಿ ಪರದೆ ಬರೆದಿದ್ದರು. ಎರಡೂ ಮೊಣಕೈ ಯಾತರ ಮೇಲೋ ಊರಿದ್ದವಲ್ಲ, ಆ ಕಲಾವಿದನಿಗೆ ಇನ್ನೇನು ತೋಚೀತು, ಕೈಯಿರುವ ಕೆತ್ತನೆಯ ಕುರ್ಚಿಯೊಂದನ್ನು ಬರೆದು ಅದರಲ್ಲಿ ಚಿಕ್ಕಸ್ವಾಮಿಯನ್ನು ಕೂರಿಸಿದ್ದ.

ಅಕ್ಬರಿ ಬೇಗಂ ಅದನ್ನು ನೋಡಿದವರು ಹೊಸ್ತಿಲ ಮೇಲೆ ಕುಸಿದು ಕೂತರು. ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡರೂ ಅಳು ತಡೆಯಲಾಗಲಿಲ್ಲ. ಮಂಗಳಮ್ಮ ಒದ್ದೆ ಕೈಯಲ್ಲಿ ಬಂದು ನಿಂತರು.

"ಸ್ಟುಡಿಯೊದೋನು ಸುಳ್ಳು ಬರ್ದಿಲ್ಲ ಕಣವ್ವ" ಎಂದರು ಅಕ್ಬರಿ. "ನಿಮ್ಮೆಜಮಾನ್ರು ಅವತ್ತು ಕುರ್ಚಿ ಮ್ಯಾಲೇ ಕುಂತಿದ್ರು."

ಲುಂಗಿ ಬಿಚ್ಚಿ ಫೋಟೊ ನೆಲದ ಮೇಲಿಟ್ಟು, ತುದಿಯಿಲ್ಲದ ಬೆರಳಿನ ಪಕ್ಕದ ಬೆರಳಿನಿಂದ ತೋರಿಸುತ್ತ ಹೋದರು. ಇದು ಮುಂದಿನ ಗುಂಡಿ, ಖಾಲಿ. ಇದು ಹಿಂದಿನದು. ಇಗೋ ಮೊಣಕೈ. ಇಗೋ ರಿವೆಟ್ಟು. ಈ ತಾಡಪಾಲಿನ ಕೆಳಗೆ ಇನ್ನೊಂದು ಕುರ್ಚಿ, ಅದರ ಕೆಳಗೆ ಮದ್ದು. ಮಂಗಳಮ್ಮ ಕೂತು ಬಗ್ಗಿ ನೋಡಿದರು. ತಮ್ಮ ಪ್ರತಿಯಲ್ಲಿ ಗಂಡನ ಸುತ್ತ ಇದ್ದದ್ದನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದ್ದರಿಂದ, ಇಡೀ ಫೋಟೊವನ್ನು ಅವರು ಮತ್ತೆ ನೋಡಿದ್ದು ಅವತ್ತೇ.

ತಲೆಯೆತ್ತಿ ಕೇಳಿದರು. "ಫೋಟೊಗೆ ಕುಂತಾಗ ಯಾಕೆ ಸಿಡೀನಿಲ್ಲ?"

"ಅವಾಗ ಬೆಂಕಿ ತಾಗಿರ್ನಿಲ್ಲ. ತಾಗಿದ್ದು ಬೆಳಿಗ್ಗೆ, ಕಟ್ಟರ್ ಹಚ್ಚುದ್ ಮ್ಯಾಲೆ."

"ಕಟ್ಟರ್ ಯಾರ್ ಕೈಲಿತ್ತು?"

ಅಕ್ಬರಿ ತಪ್ಪಿಸಿಕೊಳ್ಳಲಿಲ್ಲ. "ನಮ್ಮೋರ ಕೈಲಿ."

"ಅಂಗಾದ್ರೆ ಬೆಂಕಿ ಇಟ್ಟಿದ್ದು ನಿನ್ ಗಂಡನೇ."

"ಔದು. ಅವ್ರೇ. ಅದ್ನ ಇಲ್ಲ ಅನ್ನಾಕೆ ಬರ್ನಿಲ್ಲ ನಾನು. ಬೀಡಿ ಸೇದ್ತಿರ್ನಿಲ್ಲ ಅಂತಾನೂ ಅನ್ನಕಿಲ್ಲ, ಸೇದ್ತಿದ್ರು. ಆದ್ರೆ ಅವತ್ತು ಸಾಯ್ಸಿದ್ದು ಬೀಡಿ ಅಲ್ಲ ಕಣವ್ವ. ಗುಂಡಿ ನೋಡಿ, ಖಾಲಿ ಅಂತ ನಂಬಿ, ಕೆಲ್ಸಕ್ಕೆ ಕೈ ಹಾಕುದ್ರು. ಇಬ್ರೂ ನಂಬುದ್ರು. ಕ್ಸಮಿಸು ಅಂತ ಕೇಳಕಿಲ್ಲ. ಬೀಡಿ ಅನ್ಬ್ಯಾಡಿ, ಅಷ್ಟೇಯ. ಕೆಲ್ಸ ಮಾಡ್ತಾ ಸತ್ರು ಅನ್ನಿ."

ಮಂಗಳಮ್ಮ ಎದ್ದು ಗೋಡೆಯ ಚಿತ್ರದ ಮುಂದೆ ನಿಂತರು. ಕುರ್ಚಿಯ ಕೈಯಿದ್ದ ಜಾಗದಲ್ಲಿ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿದರು, ಅಳಿಸಬಹುದೇನೋ ಎಂಬಂತೆ. "ಕುರ್ಚಿ ಬರೀಲಾ ಅಂದಾಗ ನಾನೇ ಊಂ ಅಂದಿದ್ದು ಕಣೆ. ಬದುಕಿದ್ದಾಗ ಒಂದಿನಾನೂ ಕುರ್ಚೀಲಿ ಕೂತೋರಲ್ಲ ಅಂತ" ಎಂದರು. ಆಮೇಲೆ ಅತ್ತರು. ಅಕ್ಬರಿ ಹೊಸ್ತಿಲ ಮೇಲೆ, ಅವರು ಗೋಡೆಗೆ ಒರಗಿ. ನಡುವೆ ಫೋಟೊ ಬಿದ್ದಿತ್ತು. ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ. ಮೂವತ್ತು ವರ್ಷದ ಮಾತು ಒಂದು ದಿನದಲ್ಲಿ ತೊಳೆದು ಹೋಗುವಂಥದ್ದಲ್ಲ.

ನಾವು ಹೊರಡಲು ಎದ್ದಾಗ ಡೇರಿಗೆ ಹಾಲು ಹಾಕಿ ಬಂದ ಸೊಸೆ ರಂಜಿತ ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಳು. ಅಳುತ್ತಿರುವ ಅತ್ತೆಯನ್ನೂ, ಬುರ್ಖಾ ಸರಿಪಡಿಸಿಕೊಳ್ಳುತ್ತಿದ್ದ ಮುದುಕಿಯನ್ನೂ ನೋಡಿ ಗಾಬರಿಯಾಗಿ, "ಯಾರತ್ತೆ ಇವ್ರು?" ಎಂದಳು. ಆ ಮನೆಯಲ್ಲಿ ಅವಳು ಕಾಲಿಟ್ಟ ದಿನದಿಂದ ಮಾವನ ಸಾವಿನ ಕಥೆ ಕೇಳಿದ್ದಾಳೆ. ಅದರಲ್ಲಿ ಬರುವ ಮನುಷ್ಯನಿಗೆ ಹೆಸರಿರಲಿಲ್ಲ, ಬರೀ ಬೀಡಿ ಸಾಬ.

ಮಂಗಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಸೈಫುಲ್ಲಾ ಅಂತ ಇದ್ದ" ಎಂದರು. "ನಿಮ್ಮಾವನ ಜೊತೇಲಿ ಕೆಲ್ಸ ಮಾಡ್ತಾ ಸತ್ತ. ಅವ್ನ ಎಂಡ್ತಿ ಇವ್ಳು. ಕಾಪಿ ಮಡುಗು, ಓಗು."

ಅಕ್ಬರಿ ಬೇಗಂ ಮತ್ತೆ ಹೊಸ್ತಿಲ ಮೇಲೆ ಕೂತರು.